ಅಂಗಾತ ಮಲಗಿದ ಕೂಸು

ರಾತ್ರಿ ಹಾಲು ಕುಡಿದು ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುವುದು ಯಾವ ಸೀಮೆಗೂ ಹೊಸ ಸಂಗತಿಯಲ್ಲ. ಹೊಸದು ಅದಕ್ಕಿಟ್ಟ ಹೆಸರು. ಶವಪರೀಕ್ಷೆ ಮಾಡಿದರೂ ಕಾರಣ ಸಿಗದ ಇಂಥ ಸಾವನ್ನು ವೈದ್ಯರು ‘ಹಠಾತ್ ಶಿಶುಮರಣ’ ಎಂದು ವ್ಯಾಖ್ಯಾನಿಸಿದ್ದು 1969ರಲ್ಲಿ, ಅಮೆರಿಕದಲ್ಲಿ ಸೇರಿದ ಸಮ್ಮೇಳನದಲ್ಲಿ. ಕಲಬುರಗಿ, ಕಮಲಾಪುರದ ಕಡೆ ಅದಕ್ಕೆ ಬೇರೆ ಉತ್ತರಗಳಿದ್ದವು. ಶಾಸ್ತ್ರದಲ್ಲಾದರೆ, ಸುಶ್ರುತ ಸಂಹಿತೆಯ ಉತ್ತರತಂತ್ರ ಕೂಸುಗಳನ್ನು ಕಾಡುವ ಒಂಬತ್ತು ಬಾಲಗ್ರಹಗಳನ್ನು ಹೇಳುತ್ತದೆ. ರೇವತಿ, ಪೂತನಾ, ಶಕುನಿ ಅವುಗಳಲ್ಲಿ ಕೆಲವು. ಮನೆಮಾತಿನಲ್ಲಾದರೆ, ಹೆರಿಗೆಯ ಐದನೆಯ ರಾತ್ರಿ ಹಣೆಬರಹ ಬರೆಯಲು ಬಂದ ಶೆಟಿಗೆವ್ವ ಅಷ್ಟೇ ಆಯುಷ್ಯ ಬರೆದಿದ್ದಳು, ಇಲ್ಲವೇ ಯಾರದೋ ದೃಷ್ಟಿ ತಾಗಿತ್ತು. ಇವೆಲ್ಲ ಮುಗಿದ ಮೇಲೆ ಉಳಿಯುತ್ತಿದ್ದವಳು ತಾಯಿ: ಬಾಣಂತಿ ಪಥ್ಯ ಕೆಡಿಸಿದಳು, ನಿದ್ದೆಗಣ್ಣಲ್ಲಿ ಕೂಸಿನ ಮೇಲೆ ಹೊರಳಿದಳು.

ಇದನ್ನು ಹಳ್ಳಿಯ ಮೌಢ್ಯವೆಂದು ತಳ್ಳುವವರು ಯುರೋಪಿನ ಕಥೆಯನ್ನೂ ನೋಡಬೇಕು. ತಾಯಿ ಮೈಮೇಲೆ ಹೊರಳಿದಳೆಂಬ ಆರೋಪ ಅಲ್ಲಿ ಬೈಬಲ್ಲಿನಷ್ಟು ಹಳೆಯದು. 19ನೇ ಶತಮಾನದಲ್ಲಿ ವೈದ್ಯರು ಎದೆಯೊಳಗಿನ ಥೈಮಸ್ ಗ್ರಂಥಿಯ ಮೇಲೆ ತಪ್ಪು ಹೊರಿಸಿದರು. ಅಂಗರಚನೆ ಕಲಿಯಲು ಅವರಿಗೆ ಸಿಗುತ್ತಿದ್ದುದು ಕಾಯಿಲೆ, ಹಸಿವೆಯಿಂದ ಸವೆದ ಬಡವರ ದೇಹ. ಅವುಗಳಲ್ಲಿ ಥೈಮಸ್ ಕುಗ್ಗಿರುತ್ತಿತ್ತು. ಅದನ್ನೇ ಸಹಜವೆಂದುಕೊಂಡವರಿಗೆ, ಚೆನ್ನಾಗಿದ್ದು ಫಕ್ಕನೆ ಸತ್ತ ಮಗುವಿನ ಥೈಮಸ್ ಊದಿಕೊಂಡಂತೆ ಕಂಡಿತು. 20ನೇ ಶತಮಾನದ ಮೊದಲರ್ಧದಲ್ಲಿ ಆ ಗ್ರಂಥಿಯನ್ನು ಕುಗ್ಗಿಸಲೆಂದು ಆರೋಗ್ಯವಂತ ಮಕ್ಕಳ ಎದೆಗೆ ವಿಕಿರಣ ಹಾಯಿಸಿದರು. ಅವರಲ್ಲಿ ಎಷ್ಟೋ ಮಂದಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಬಡವರ ಹಸಿವನ್ನು ಸಹಜವೆಂದು ಅಳೆದ ತಪ್ಪಿಗೆ ಮಕ್ಕಳು ತೆತ್ತ ಬೆಲೆ ಅದು. ಶೆಟಿಗೆವ್ವನ ಬರಹ ಕೂಸಿಗೆ ಇಷ್ಟು ಕೇಡು ಮಾಡಿರಲಿಲ್ಲ.

ಸಂಶೋಧನೆ ದಾರಿಗೆ ಬಂದದ್ದು ಒಂದು ಸರಳ ಪ್ರಶ್ನೆಯಿಂದ: ಕೂಸನ್ನು ಹೇಗೆ ಮಲಗಿಸಿದ್ದರು? 1944ರಲ್ಲೇ ನ್ಯೂಯಾರ್ಕಿನ ವೈದ್ಯ ಅಬ್ರಾಮ್ಸನ್ ಬೋರಲು ಮಲಗಿಸುವುದರತ್ತ ಬೊಟ್ಟು ಮಾಡಿದ್ದರು. ಆದರೆ 1950ರ ದಶಕದ ಮಧ್ಯದಿಂದ ಬೆಂಜಮಿನ್ ಸ್ಪಾಕ್ ಅವರ ಜನಪ್ರಿಯ ಶಿಶುಪಾಲನೆ ಪುಸ್ತಕವೇ ಬೋರಲು ಮಲಗಿಸಿ ಎಂದು ಹೇಳತೊಡಗಿತು. ಅಂಗಾತ ಮಲಗಿದ ಕೂಸು ಕಕ್ಕಿದರೆ ಉಸಿರುಗಟ್ಟೀತು ಎಂಬುದು ಅದರ ವಾದ. 1985ರಲ್ಲಿ ಡೇವಿಸ್ ಎಂಬ ವೈದ್ಯರು ಹಾಂಗ್‌ಕಾಂಗಿನಲ್ಲಿ ಇಂಥ ಸಾವು ಅಪರೂಪವೆಂದು ಬರೆದರು. ಅಲ್ಲಿನ ಚೀನೀ ತಾಯಂದಿರು ಕೂಸನ್ನು ಅಂಗಾತ ಮಲಗಿಸುತ್ತಿದ್ದರು. ನ್ಯೂಜಿಲೆಂಡ್ ಮತ್ತು ಇಂಗ್ಲೆಂಡಿನ ಅಧ್ಯಯನಗಳು ಇದನ್ನು ಗಟ್ಟಿಮಾಡಿದವು. 1991ರ ಬಳಿಕ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ನಡೆದ ದೇಶಗಳಲ್ಲಿ ಈ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. 1970ರ ಹೊತ್ತಿಗಿದ್ದ ಪುರಾವೆಯನ್ನೇ ಒಟ್ಟುಮಾಡಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆ 50,000 ಮಕ್ಕಳು ಉಳಿಯಬಹುದಿತ್ತೆಂದು ರುತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಲೆಕ್ಕಹಾಕಿದರು.

ಹೇಗೆ ಮಲಗಿಸಿದ್ದರೆಂಬ ಅದೇ ಪ್ರಶ್ನೆಯನ್ನು ಕಲಬುರಗಿಯ ಬಾಣಂತಿಕೋಣೆಗೆ ಕೇಳೋಣ. ಲಿಖಿತ ದಾಖಲೆ ಇಲ್ಲದಲ್ಲಿ ಸಾಮಾನುಗಳೇ ಸಾಕ್ಷಿ. ಸೀರೆಯ ಜೋಳಿಗೆಯಲ್ಲಿ ಎಳೆಗೂಸನ್ನು ಬೋರಲು ಹಾಕಲು ಬರುವುದಿಲ್ಲ. ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು ಕೆಲಸ ಮಾಡುವುದೇ ಕೂಸು ಅಂಗಾತ ಇದ್ದಾಗ. ಬೋರಲಾಗುವುದು ಎರೆಯುವಾಗ ಮಾತ್ರ, ಎರೆಯುವವಳ ಚಾಚಿದ ಕಾಲ ಮೇಲೆ, ಎಚ್ಚರವಿದ್ದು ಅಳುತ್ತಿರುವಾಗ. ಅಂದರೆ ಸ್ಪಾಕ್ ಅವರ ಸಲಹೆ ಪಶ್ಚಿಮದ ಮನೆಗಳನ್ನು ಹೊಕ್ಕ ಕಾಲದಲ್ಲೂ ಇಲ್ಲಿನ ಪದ್ಧತಿ ಕೂಸಿನ ಬೆನ್ನನ್ನು ಹಾಸಿಗೆಗೆ ಕೊಟ್ಟಿತ್ತು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳಲ್ಲಿ ಈ ಸಾವು ನೆರೆಯ ಬಿಳಿಯರಿಗಿಂತ ಬಹಳ ಕಡಿಮೆ ಎಂಬುದೂ ಇದರ ಜೊತೆಗಿಟ್ಟು ನೋಡಬೇಕಾದ ಮಾತು.

ಹಾಗಾದರೆ ಹಿರಿಯರಿಗೆ ಎಲ್ಲ ಗೊತ್ತಿತ್ತು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವರು ಬಯಸಿದ್ದು ಗುಂಡನೆಯ ತಲೆ. ಉಸಿರಿಗೆ ಸಿಕ್ಕ ರಕ್ಷೆ ಕೇಳದೆ ಬಂದದ್ದು. ಅದೇ ಕೋಣೆಯಲ್ಲಿ ಕುಲಾಯಿ, ಕುಂಚಿಗಿಯಿಂದ ತಲೆ ಬಿಗಿದು ಮುಚ್ಚುತ್ತಿದ್ದರು, ಕೆಂಡದ ಕಾವು ಕೊಡುತ್ತಿದ್ದರು, ಧೂಪದ ಹೊಗೆ ತುಂಬುತ್ತಿದ್ದರು. ಅದೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ. ಮೈ ವಿಪರೀತ ಬಿಸಿಯಾಗುವುದು, ತಲೆ ಮುಚ್ಚಿಹೋಗುವುದು ಈ ಸಾವಿಗೆ ದಾರಿಯೆಂದು ಈಗ ತಿಳಿದಿದೆ. ಮೆತ್ತನೆಯ ದಿಂಬನ್ನೂ ವೈದ್ಯರು ಬೇಡವೆನ್ನುತ್ತಾರೆ. ಮಿದುಳಕಾಂಡದಲ್ಲಿ ಸೆರೊಟೊನಿನ್ ವ್ಯವಸ್ಥೆಯ ಕೊರತೆಯಿರುವ ಮಕ್ಕಳು ಉಸಿರು ಕಟ್ಟಿದಾಗ ಎಚ್ಚರಗೊಳ್ಳಲಾರರು ಎಂಬುದು ಹ್ಯಾನಾ ಕಿನ್ನಿ ಅವರ ದೀರ್ಘ ಸಂಶೋಧನೆಯ ಫಲ. ಅಂಥ ಕೂಸು ಕಲಬುರಗಿಯಲ್ಲೂ ಹುಟ್ಟುತ್ತದೆ. ಪದ್ಧತಿಯನ್ನು ಇಡಿಯಾಗಿ ಹೊಗಳುವುದೂ ಇಡಿಯಾಗಿ ಬಯ್ಯುವುದೂ ಒಂದೇ ಬಗೆಯ ಸೋಮಾರಿತನ. ಜೋಳ ಕೇರಿದಂತೆ ಕೇರಬೇಕು.

ಕೇರಲು ಲೆಕ್ಕ ಬೇಕು, ಅದಕ್ಕೆ ಶವಪರೀಕ್ಷೆ ಬೇಕು. ಕಲಬುರಗಿ ನಗರಕ್ಕೆ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. ಕಾಲೇಜು ಬಂದರೂ ಹಳ್ಳಿಯ ಕೂಸು ಶವಪರೀಕ್ಷೆಗೆ ಬರಲಿಲ್ಲ. ಲಿಂಗಾಯತರಿರಲಿ, ಮುಸ್ಲಿಮರಿರಲಿ, ಹಿರಿಯರನ್ನು ಸುಡುವ ಜಾತಿಯವರೇ ಇರಲಿ, ಎಳೆಗೂಸನ್ನು ಹೂಳುತ್ತಾರೆ, ತಡಮಾಡದೆ ಹೂಳುತ್ತಾರೆ. ಪುರಾವೆಯೂ ಅದರೊಂದಿಗೆ ಮಣ್ಣು ಸೇರುತ್ತದೆ. ಆದ್ದರಿಂದ ‘ನಮ್ಮಲ್ಲಿ ಈ ಸಾವು ಇಲ್ಲ’ ಎಂಬ ಮಾತಿಗೆ ಆಧಾರವಿಲ್ಲ.

ಲೆಕ್ಕಕ್ಕಾಗಿ ದುಃಖದಲ್ಲಿರುವ ತಾಯಿಯನ್ನು ಕೆದಕುವುದು ಕ್ರೌರ್ಯವಲ್ಲವೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಗೆ ಇಬ್ಬರು ಮಕ್ಕಳನ್ನು ಕೊಂದಳೆಂದು 1999ರಲ್ಲಿ ಶಿಕ್ಷೆಯಾಯಿತು. ಇಂಥ ಎರಡು ಸಾವು ಒಂದೇ ಮನೆಯಲ್ಲಿ ತಾನಾಗಿ ಆಗುವ ಸಂಭವ 7.3 ಕೋಟಿಗೆ ಒಂದು ಎಂಬ ತಪ್ಪು ಲೆಕ್ಕವನ್ನು ನ್ಯಾಯಾಲಯದ ಮುಂದಿಟ್ಟಿದ್ದರು. ಆಕೆ ಬಿಡುಗಡೆಯಾದದ್ದು 2003ರಲ್ಲಿ. ಆದರೆ ಕೇಳದೆ ಬಿಟ್ಟರೂ ತಾಯಿ ಪಾರಾಗುವುದಿಲ್ಲ. ಪಥ್ಯ ಕೆಡಿಸಿದವಳು ಎಂಬ ಮಾತು ಮನೆಯೊಳಗೆ ಉಳಿಯುತ್ತದೆ. ಸಾವಿನ ಬಳಿಕ ಕೇಳುವುದಕ್ಕಿಂತ ಮೊದಲೇ ತೊಟ್ಟಿಲು ನೋಡುವುದು ಒಳ್ಳೆಯದು, ನೋಡುವ ಕಣ್ಣೂ ನಮ್ಮಲ್ಲಿದೆ. 2011ರ ಕಾರ್ಯಕ್ರಮದಂತೆ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಬಾಣಂತಿಯ ಮನೆಗೆ ಹೋಗುತ್ತಾಳೆ. 2018ರ ಕಾರ್ಯಕ್ರಮದಂತೆ ಮತ್ತೆ ಹೋಗುವುದು ಮೂರನೇ ತಿಂಗಳಿಗೆ, ಆಮೇಲೆ ಆರಕ್ಕೆ. ಈ ಸಾವು ಹೆಚ್ಚಾಗಿ ಬರುವುದು ಎರಡರಿಂದ ನಾಲ್ಕು ತಿಂಗಳೊಳಗೆ. ಕಮಲಾಪುರದ ಹಳ್ಳಿಯ ಜೋಳಿಗೆಯೊಳಗೆ ಆ ಅರವತ್ತು ದಿನಗಳಲ್ಲಿ ಅವಳು ಇಣುಕುವುದು ಒಂದೇ ಸಲ.