ದೂರದ ಓಟದ ಪೂರ್ವಸಿದ್ಧತೆ: ಅಭ್ಯಾಸ, ವಿಶ್ರಾಂತಿ ಮತ್ತು ಗಾಯಗಳ ನಿರ್ವಹಣೆ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಅಭ್ಯರ್ಥಿಗಳು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಜಿಲ್ಲೆಯ ಅನೇಕ ಯುವಕ ಯುವತಿಯರು ಪೊಲೀಸ್ ಹಾಗೂ ಸೇನಾ ನೇಮಕಾತಿಯ ಓಟಕ್ಕಾಗಿ ಅಭ್ಯಾಸ ಮಾಡುತ್ತಾರೆ. ಮತ್ತೆ ಕೆಲವರು 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 10 ಕಿ.ಮೀ. ಓಟ, ಅರ್ಧ ಮ್ಯಾರಥಾನ್ (21.1 ಕಿ.ಮೀ.) ಅಥವಾ ಪೂರ್ಣ ಮ್ಯಾರಥಾನ್ (42.195 ಕಿ.ಮೀ.) ಮುಂತಾದ ದೂರದ ಓಟಗಳಿಗೆ ಸಿದ್ಧರಾಗುತ್ತಾರೆ. ಪೊಲೀಸ್ ಕಾನ್ಸ್‌ಟೇಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳಿಗೆ 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಕ್ರಮಿಸುವ ಪರೀಕ್ಷೆಯನ್ನು ನಿಗದಿಪಡಿಸಲಾಗಿರುತ್ತದೆ. ಆ ದಿನ ಕಾಲು ನೋವಿನಿಂದ ಓಡಲಾಗದಿದ್ದಲ್ಲಿ ಲಿಖಿತ ಪರೀಕ್ಷೆಯ ಅಂಕಗಳು ನೆರವಿಗೆ ಬರುವುದಿಲ್ಲ. ಆದ್ದರಿಂದ ಗಾಯವಿಲ್ಲದೆ ಓಟದ ದಿನವನ್ನು ತಲುಪುವುದೇ ಸಿದ್ಧತೆಯ ಮೊದಲ ಗುರಿಯಾಗಿರಬೇಕು.

2. ವಿಶ್ರಾಂತಿಯು ಅಭ್ಯಾಸದ ಭಾಗವಾಗಿರುವುದೇಕೆ?

ಓಟದಿಂದ ಸ್ನಾಯು, ಸ್ನಾಯುರಜ್ಜು ಮತ್ತು ಮೂಳೆಗಳ ಮೇಲೆ ಒತ್ತಡ ಬೀಳುತ್ತದೆ. ಅವು ಬಲಗೊಳ್ಳುವುದು ಓಡುವಾಗ ಅಲ್ಲ, ಓಟದ ನಂತರದ ವಿರಾಮದಲ್ಲಿ ಮತ್ತು ನಿದ್ರೆಯಲ್ಲಿ. ಹೃದಯ ಹಾಗೂ ಉಸಿರಾಟದ ಸಾಮರ್ಥ್ಯವು ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಆದ್ದರಿಂದ ದಮ್ಮು ಬಂದಿದೆಯೆಂದು ದೂರವನ್ನು ದಿಢೀರನೆ ಹೆಚ್ಚಿಸಿದಾಗ ಮೊಣಕಾಲ ಕೆಳಗಿನ ಮೂಳೆ, ಹಿಮ್ಮಡಿ ಮತ್ತು ಮಂಡಿಗಳಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ನೇಮಕಾತಿಯ ಕರೆಪತ್ರ ಬಂದ ನಂತರ ಉಳಿದ ಕೆಲವೇ ವಾರಗಳಲ್ಲಿ ಎಲ್ಲವನ್ನೂ ಸಾಧಿಸಲು ಹೊರಡುವವರಿಗೆ ಈ ಅಪಾಯ ಹೆಚ್ಚು. ಅರ್ಜಿ ಸಲ್ಲಿಸಿದ ದಿನದಿಂದಲೇ ಅಭ್ಯಾಸ ಆರಂಭಿಸುವುದು ಸೂಕ್ತ.

3. ವಾರದ ಅಭ್ಯಾಸ ಕ್ರಮ

ಅ) ಹೊಸಬರು ವಾರಕ್ಕೆ 3 ಅಥವಾ 4 ದಿನ ಮಾತ್ರ ಓಡಬೇಕು. ಕನಿಷ್ಠ 1 ದಿನ ಸಂಪೂರ್ಣ ವಿಶ್ರಾಂತಿ ಇರತಕ್ಕದ್ದು.

ಆ) ವೇಗದ ಓಟ ಹಾಗೂ ದೀರ್ಘ ಓಟಗಳನ್ನು ಒಂದರ ಮರುದಿನ ಮತ್ತೊಂದರಂತೆ ಮಾಡಬಾರದು. ಉಳಿದ ದಿನಗಳ ಓಟವು ಜೊತೆಗಾರರೊಡನೆ ಮಾತನಾಡಿಕೊಂಡು ಓಡುವಷ್ಟು ನಿಧಾನವಾಗಿರಲಿ.

ಇ) ವಾರದ ಒಟ್ಟು ದೂರವನ್ನು ಸುಮಾರು ಶೇ. 10ರಷ್ಟು ಮಾತ್ರ ಹೆಚ್ಚಿಸುವುದು ರೂಢಿಯಲ್ಲಿರುವ ಅಳತೆ. ಇದು ಕಟ್ಟುನಿಟ್ಟಾದ ನಿಯಮವಲ್ಲ. ಹಳೆಯ ಗಾಯವುಳ್ಳವರು ಇದಕ್ಕಿಂತಲೂ ನಿಧಾನವಾಗಿ ಮುಂದುವರಿಯಬೇಕು. ಪ್ರತಿ 4ನೇ ವಾರದಲ್ಲಿ ದೂರವನ್ನು ತಗ್ಗಿಸಬೇಕು.

ಈ) ಅರ್ಧ ಅಥವಾ ಪೂರ್ಣ ಮ್ಯಾರಥಾನ್ ಓಡುವವರು ಕೊನೆಯ 2ರಿಂದ 3 ವಾರಗಳಲ್ಲಿ ದೂರವನ್ನು ಹಂತ ಹಂತವಾಗಿ ಕಡಿಮೆ ಮಾಡತಕ್ಕದ್ದು.

ಉ) ಕೃಷಿ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನವಿಡೀ ಈರುಳ್ಳಿ ಕಿತ್ತ, ಶೇಂಗಾ ಬಿಡಿಸಿದ ಅಥವಾ ಅಡಿಕೆ ತೋಟದಲ್ಲಿ ದುಡಿದ ದಿನ ದೇಹಕ್ಕೆ ವಿಶ್ರಾಂತಿಯ ದಿನವಲ್ಲ. ಸುಗ್ಗಿಯ ವಾರಗಳಲ್ಲಿ ಓಟವನ್ನು ತಗ್ಗಿಸುವುದರಿಂದ ನಷ್ಟವಿಲ್ಲ.

4. ಸ್ಥಳ ಮತ್ತು ಸಮಯ

ಮಣ್ಣಿನ ಹಾದಿ, ಶಾಲಾ ಮೈದಾನ ಮತ್ತು ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಂತಹ ಸ್ಥಳಗಳು ಅಭ್ಯಾಸಕ್ಕೆ ಯೋಗ್ಯ. ಚಿತ್ರದುರ್ಗ ಮತ್ತು ಹಿರಿಯೂರುಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುವುದು ಅಪಾಯಕರ. ಜೋಗಿಮಟ್ಟಿಯ ಕಡೆಯಂತಹ ಏರುದಾರಿಗಳಲ್ಲಿ ಕಾಲುಗಳು ಬಲಗೊಳ್ಳುತ್ತವೆ. ಆದರೆ ಇಳಿಜಾರಿನಲ್ಲಿ ವೇಗವಾಗಿ ಓಡಿದಲ್ಲಿ ಮಂಡಿಗಳ ಮೇಲಿನ ಭಾರ ಹೆಚ್ಚುವುದರಿಂದ ಇಳಿಯುವಾಗ ನಡೆಯುವುದು ಒಳಿತು. ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯಲ್ಲಿ ಬೆಳಗಿನ 7 ಗಂಟೆಯೊಳಗೆ ಅಭ್ಯಾಸ ಮುಗಿಸಬೇಕು. ಓಡುವಾಗ ತಲೆಸುತ್ತು ಅಥವಾ ಗೊಂದಲ ಉಂಟಾದಲ್ಲಿ ತಕ್ಷಣ ನೆರಳಿಗೆ ಬಂದು ದೇಹವನ್ನು ನೀರಿನಿಂದ ತಂಪುಗೊಳಿಸಬೇಕು ಹಾಗೂ 108ಕ್ಕೆ ಕರೆ ಮಾಡಬೇಕು.

5. ಯಾವ ನೋವಿಗೆ ಓಟ ನಿಲ್ಲಿಸಬೇಕು?

ಎರಡೂ ಕಾಲುಗಳ ಸ್ನಾಯುಗಳಲ್ಲಿ ಸಮನಾಗಿ ಕಂಡು 2–3 ದಿನಗಳಲ್ಲಿ ಇಳಿಯುವ ಮೈಕೈ ನೋವು ಸಹಜ. ಅಂತಹ ದಿನಗಳಲ್ಲಿ ನಡಿಗೆ ಅಥವಾ ನಿಧಾನ ಓಟ ಸಾಕು. ಈ ಕೆಳಕಂಡ ಲಕ್ಷಣಗಳಿದ್ದಲ್ಲಿ ಓಟವನ್ನು ಕೂಡಲೇ ನಿಲ್ಲಿಸತಕ್ಕದ್ದು:

– ನೋವಿನಿಂದ ಕುಂಟುವುದು ಅಥವಾ ಹೆಜ್ಜೆಯ ರೀತಿ ಬದಲಾಗುವುದು;
– ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ತೀವ್ರ ನೋವು;
– ರಾತ್ರಿ ಮಲಗಿದಾಗಲೂ ಇರುವ ನೋವು;
– ಓಡಿದಷ್ಟೂ ಹೆಚ್ಚುವ ನೋವು, ಕೀಲಿನಲ್ಲಿ ಊತ.

ಮೂಳೆಯಲ್ಲಿ ಉಂಟಾಗುವ ಸಣ್ಣ ಬಿರುಕು ಮೊದಲ ಕೆಲವು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆದ್ದರಿಂದ ವರದಿ ಸರಿಯಿದೆಯೆಂದು ಓಟ ಮುಂದುವರಿಸದೆ ವೈದ್ಯರ ಸಲಹೆಯಂತೆ ನಡೆಯಬೇಕು. ಇಂತಹ ಬಿರುಕು ಕೂಡಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕಾಗುತ್ತದೆ. ಕೆಲವು ಮೂಳೆಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಪರೀಕ್ಷಿಸಿಕೊಳ್ಳದೆ ನಾಟಿ ಕಟ್ಟು ಹಾಕಿಸಿಕೊಳ್ಳುವುದು, ನೋವಿರುವ ಜಾಗವನ್ನು ಬಲವಾಗಿ ತಿಕ್ಕಿಸುವುದು ಸಲ್ಲದು. ನೋವು ನಿವಾರಕ ಮಾತ್ರೆ ನುಂಗಿ ಓಡಿದರೆ ನೋವು ಮರೆಯಾಗುತ್ತದೆಯೇ ಹೊರತು ಗಾಯ ವಾಸಿಯಾಗುವುದಿಲ್ಲ. ಬಿಸಿಲಿನಲ್ಲಿ ದೇಹದ ನೀರಿನಂಶ ಕಡಿಮೆಯಾದಾಗ ಇಂತಹ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು.

6. ಬಿಡುವು ಪಡೆದರೆ ಸಾಮರ್ಥ್ಯ ಕುಂದುವುದೇ?

ಒಂದು ವಾರದ ಬಿಡುವಿನಿಂದ ಓಟದ ಸಾಮರ್ಥ್ಯ ಹೆಚ್ಚೇನೂ ಇಳಿಯುವುದಿಲ್ಲ. 2–3 ವಾರ ಮೀರಿದಾಗ ಗಮನಾರ್ಹ ಇಳಿಕೆ ಕಾಣುತ್ತದೆ. ವೈದ್ಯರು ಒಪ್ಪಿದಲ್ಲಿ ಸೈಕಲ್ ಅಥವಾ ಈಜಿನಿಂದ ಇದನ್ನೂ ತಗ್ಗಿಸಬಹುದು. ಮೊದಲ ವಾರದಲ್ಲೇ ನಿಲ್ಲಿಸಿದವರಿಗೆ ದಿನಗಳು ನಷ್ಟವಾಗುತ್ತವೆ. ಸಹಿಸಿಕೊಂಡು ಓಡಿದವರಿಗೆ ತಿಂಗಳುಗಳು ನಷ್ಟವಾಗುತ್ತವೆ.

ಮಹಿಳಾ ಮ್ಯಾರಥಾನ್‌ನಲ್ಲಿ ಆಗ ವಿಶ್ವದಾಖಲೆ ಹೊಂದಿದ್ದ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಅವರ ತೊಡೆಮೂಳೆಯಲ್ಲಿ 2008ರಲ್ಲಿ ಬಿರುಕು ಕಾಣಿಸಿಕೊಂಡಿತು. ಸಾಕಷ್ಟು ಸಿದ್ಧತೆಗೆ ಕಾಲಾವಕಾಶವಿಲ್ಲದೆ ಅದೇ ವರ್ಷದ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಓಡಿ 23ನೇ ಸ್ಥಾನ ಪಡೆದರು. ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಗಾಯವಾದವರ ಓಟ ಅಲ್ಲಿಗೇ ಮುಗಿಯುವುದಿಲ್ಲ. ಮೂಳೆಗೆ ಬೇಕಾದ ಕಾಲವನ್ನು ಮಾತ್ರ ಕೊಡಲೇಬೇಕು ಎಂಬುದು ಇದರಿಂದ ತಿಳಿಯುತ್ತದೆ.

7. ಓಟಕ್ಕೆ ಮರಳುವ ಕ್ರಮ

ಮೊದಲಿಗೆ 30 ನಿಮಿಷ ನೋವಿಲ್ಲದೆ ಬಿರುಸಾಗಿ ನಡೆಯಲು ಸಾಧ್ಯವಾಗಬೇಕು. ನಂತರ 1 ನಿಮಿಷ ಓಟ, 2 ನಿಮಿಷ ನಡಿಗೆಯಂತೆ ದಿನ ಬಿಟ್ಟು ದಿನ ಅಭ್ಯಾಸ ಮಾಡಿ, ಮರುದಿನ ನೋವಿಲ್ಲದಿದ್ದಲ್ಲಿ ಮಾತ್ರ ಓಟದ ಅವಧಿ ಹೆಚ್ಚಿಸಬೇಕು. ಮೊದಲು ದೂರ, ನಂತರ ವೇಗ. ಬಿಟ್ಟುಹೋದ ದಿನಗಳ ಓಟವನ್ನು ಒಂದೇ ವಾರದಲ್ಲಿ ತುಂಬಿಸಲು ಯತ್ನಿಸಬಾರದು.

8. ಆಹಾರ ಮತ್ತು ನಿದ್ರೆ

ಪ್ರತಿದಿನ 7ರಿಂದ 9 ಗಂಟೆ ನಿದ್ರೆ ಅಗತ್ಯ. ನಮ್ಮ ಭಾಗದ ರಾಗಿ ಮುದ್ದೆ, ಹುರುಳಿಕಾಳು, ಶೇಂಗಾ, ಸೊಪ್ಪು ಹಾಗೂ ಹಾಲು, ಮೊಟ್ಟೆ ಉತ್ತಮ ಆಹಾರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಉಪವಾಸದ ದಿನ ದೀರ್ಘ ಓಟ ಬೇಡ. ಬೇಗ ಸುಸ್ತಾಗುವ ಯುವತಿಯರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು. ಅಭ್ಯಾಸದ ಅವಧಿಯಲ್ಲಿ ಮುಟ್ಟು ನಿಂತರೆ ಅಥವಾ ಏರುಪೇರಾದರೆ ಅದು ಆಹಾರ ಸಾಲದಿರುವುದರ ಹಾಗೂ ಮೂಳೆ ದುರ್ಬಲವಾಗುವುದರ ಸೂಚನೆಯಾಗಿರಬಹುದು. ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು.

9. ಚಿಕಿತ್ಸೆ ಮತ್ತು ಮಾಹಿತಿ

ಓಟದ ಗಾಯಗಳಿಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಅಥವಾ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಾರ್ವಜನಿಕ ಆಸ್ಪತ್ರೆಗಳಲ್ಲಿ ತೋರಿಸಿಕೊಳ್ಳಬಹುದು. ಹೊರರೋಗಿ ಚೀಟಿ, ಎಕ್ಸ್‌ರೇ ಹಾಗೂ ವೈದ್ಯರ ಸಲಹಾ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಓಟದ ದೂರ, ಸಮಯ ಮತ್ತು ದಿನಾಂಕಗಳಿಗೆ ಆಯಾ ನೇಮಕಾತಿ ಅಧಿಸೂಚನೆಯೇ ಅಂತಿಮವಾಗಿರುತ್ತದೆ. ಗಾಯದ ಕಾರಣ ದಿನಾಂಕ ಬದಲಾವಣೆ ದೊರೆಯುವುದೆಂದು ಭಾವಿಸದೆ ಅಧಿಸೂಚನೆಯ ಷರತ್ತುಗಳನ್ನು ಮೊದಲೇ ಓದಿಕೊಳ್ಳತಕ್ಕದ್ದು.