ಸೈನ್ಯದ ಜೊತೆ ನಡೆಯುವ ಕೊಡೆ

ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿದ್ದವರು. 1974ರಲ್ಲಿ ಸೇರಿ 1992ರಲ್ಲಿ ಪೆನ್ಷನ್ ತಗೊಂಡು ಊರಿಗೆ ಬಂದರು. ಅಷ್ಟೂ ವರ್ಷ ಅವರು ಮಾಡಿದ ಕೆಲಸ ಒಂದೇ, ವಿಮಾನ ಹೊಡೆಯುವ ಗನ್ನಿನ ಹಿಂದೆ ಕೂರುವುದು. ಎಲ್-70 ಅಂತ ಅದರ ಹೆಸರು, ಸ್ವೀಡನ್ನಿನ ಬೋಫೋರ್ಸ್ ಕಂಪನಿಯ ವಿನ್ಯಾಸ. ಆ ಹದಿನೆಂಟು ವರ್ಷದಲ್ಲಿ ಒಂದೇ ಒಂದು ಶತ್ರು ವಿಮಾನವೂ ಅವರ ತಲೆಯ ಮೇಲೆ ಹಾರಲಿಲ್ಲ. "ಸರ್ಕಾರ ಇವನಿಗೆ ಆಕಾಶ ನೋಡೋಕೆ ಸಂಬಳ ಕೊಡ್ತು" ಅಂತ ನಮ್ಮಜ್ಜಿ ನಗುತ್ತಿದ್ದರು. ನಾವು ಮಕ್ಕಳೂ ಜೊತೆಗೆ ನಗುತ್ತಿದ್ದೆವು. ಚಿಕ್ಕಪ್ಪ ಸಿಟ್ಟಾಗುತ್ತಿರಲಿಲ್ಲ. ಒಮ್ಮೆ ಮಾತ್ರ ನನ್ನನ್ನು ಕೇಳಿದ್ದರು: "ಕೊಡೆ ತಗೊಂಡು ಹೋದ ದಿನ ಮಳೆ ಬರಲಿಲ್ಲ ಅಂತ ಕೊಡೆ ಬಿಸಾಕ್ತೀಯೇನೋ?"

ಆ ಮಾತು ನನಗೆ ಅರ್ಥವಾಗೋಕೆ ಬಹಳ ವರ್ಷ ಬೇಕಾಯಿತು. 1973ರ ಅರಬ್-ಇಸ್ರೇಲ್ ಯುದ್ಧದ ಬಗ್ಗೆ ಓದುತ್ತಾ ಹೋದಾಗ ಚಿಕ್ಕಪ್ಪನ ಕೊಡೆಯೇ ಕಣ್ಣ ಮುಂದೆ ಬಂತು.

ಮೊದಲು 1967. ಆ ಜೂನ್ 5ರ ಬೆಳಿಗ್ಗೆ ಇಸ್ರೇಲಿನ ವಿಮಾನಗಳು ಈಜಿಪ್ಟಿನ ವಾಯುಪಡೆಯನ್ನು ನೆಲದ ಮೇಲೆ ನಿಂತಲ್ಲೇ ಸುಟ್ಟು ಹಾಕಿದವು. ಆಮೇಲೆ ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನ ಸೈನ್ಯದ ಪಾಡು ಹೇಳತೀರದು. ಹಿಂದಕ್ಕೆ ಓಡುವ ದಾರಿ ಅಂದರೆ ಮಿತ್ಲಾದಂಥ ಕೆಲವೇ ಕಣಿವೆಗಳು. ಅಲ್ಲಿ ಸಾಲುಗಟ್ಟಿ ನಿಂತ ಟ್ಯಾಂಕು, ಲಾರಿಗಳ ಮೇಲೆ ಆಕಾಶದಿಂದ ಬೆಂಕಿಮಳೆ. ತಲೆಯ ಮೇಲೆ ಕಾಯುವವರಿಲ್ಲದ ಸೈನ್ಯ ಎಷ್ಟೇ ದೊಡ್ಡದಿದ್ದರೂ ಅಷ್ಟೇ.

ಈಜಿಪ್ಟ್ ಆ ಪಾಠವನ್ನು ಮರೆಯಲಿಲ್ಲ. ಇಸ್ರೇಲಿನ ಪೈಲಟ್‌ಗಳಿಗೆ ಸರಿಸಾಟಿಯಾದವರನ್ನು ಆರು ವರ್ಷದಲ್ಲಿ ತಯಾರು ಮಾಡುವುದು ಕಷ್ಟ. ಹಾಗಾಗಿ ಅವರು ಬೇರೆ ದಾರಿ ಹಿಡಿದರು. ಆಕಾಶವನ್ನು ಗೆಲ್ಲೋಕಾಗದಿದ್ದರೆ ಬೇಡ, ಎದುರಾಳಿಗೂ ಅದು ಸಿಗದ ಹಾಗೆ ಮಾಡೋಣ ಅಂತ. ಸೋವಿಯತ್ ಒಕ್ಕೂಟದಿಂದ ತರಿಸಿದ ಕ್ಷಿಪಣಿ, ಗನ್ನುಗಳನ್ನು ಸೂಯೆಜ್ ಕಾಲುವೆಯ ಪಶ್ಚಿಮ ದಂಡೆಯುದ್ದಕ್ಕೂ ಒತ್ತೊತ್ತಾಗಿ ನಿಲ್ಲಿಸಿದರು. ಎತ್ತರದಲ್ಲಿ ಹಾರುವ ವಿಮಾನಗಳಿಗೆ ಎಸ್‌ಎ-2, ಅದಕ್ಕಿಂತ ಕೆಳಗೆ ಎಸ್‌ಎ-3. ಇವೆರಡೂ ಹೆಚ್ಚುಕಮ್ಮಿ ನಿಂತಲ್ಲೇ ನಿಲ್ಲುವಂಥವು. ಟ್ಯಾಂಕಿನ ಹಾಗೆ ಚೈನ್ ಪಟ್ಟಿಯ ಮೇಲೆ ಓಡುವ ಎಸ್‌ಎ-6 ಹೊಸದು. ಸಿಪಾಯಿಯ ಹೆಗಲ ಮೇಲೆ ಎಸ್‌ಎ-7. ಇವೆಲ್ಲದರ ಕೆಳಗೆ, ನೆಲಕ್ಕೆ ಹತ್ತಿರ, ಶಿಲ್ಕಾ.

ಶಿಲ್ಕಾ ಅನ್ನೋದು ಸೈಬೀರಿಯಾದ ಒಂದು ನದಿಯ ಹೆಸರು. ಸುಮಾರು ಇಪ್ಪತ್ತು ಟನ್ನಿನ ಈ ಗಾಡಿಯಲ್ಲಿ ನಾಲ್ಕು ಜನ, 23 ಮಿಲಿಮೀಟರಿನ ನಾಲ್ಕು ನಳಿಕೆ, ತಲೆಯ ಮೇಲೆ ತಟ್ಟೆಯಂಥ ರೇಡಾರ್. ನಾಲ್ಕೂ ನಳಿಕೆ ಒಟ್ಟಿಗೆ ಉಗುಳಿದರೆ ನಿಮಿಷಕ್ಕೆ 3400 ಗುಂಡು. ಗಾಡಿಯಲ್ಲಿ ಇರೋದೇ 2000. ಅಂದರೆ ಕೈ ಬಿಡದೆ ಒತ್ತಿದರೆ ಅರ್ಧ ನಿಮಿಷದ ಸ್ವಲ್ಪ ಆಚೆಗೆ ಎಲ್ಲ ಖಾಲಿ! ಹಾಗಾಗಿ ಬಿಟ್ಟು ಬಿಟ್ಟು ಹೊಡೆಯಬೇಕು. ಗುರಿ ಮುಟ್ಟುವ ದೂರ ಎರಡೂವರೆ ಕಿಲೋಮೀಟರ್. ಬಹಳ ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಅದರ ಕೆಲಸ ಒಂಟಿಯಾಗಿ ಗೆಲ್ಲೋದಲ್ಲ.

1973ರ ಅಕ್ಟೋಬರ್ 6ರಂದು ಈಜಿಪ್ಟಿನ ಸೈನ್ಯ ಕಾಲುವೆ ದಾಟಿತು. ತಡೆಯಲು ಬಂದ ಇಸ್ರೇಲಿ ಪೈಲಟ್‌ಗಳಿಗೆ ಇಕ್ಕಟ್ಟು ಶುರುವಾಯಿತು. ಮೇಲೆ ಹಾರಿದರೆ ಎಸ್‌ಎ-6 ಬೆನ್ನು ಹತ್ತುತ್ತದೆ. ಅದನ್ನು ತಪ್ಪಿಸಿಕೊಳ್ಳಲು ನೆಲದ ಹತ್ತಿರಕ್ಕೆ ಇಳಿದರೆ ಅಲ್ಲಿ ಶಿಲ್ಕಾ ಕಾಯುತ್ತಿರುತ್ತದೆ. ಅತ್ತ ದರಿ, ಇತ್ತ ಪುಲಿ! ಸಿರಿಯಾದ ಕಡೆ ಗೋಲನ್ ಗುಡ್ಡಗಳಲ್ಲೂ ಇದೇ ಕಥೆ. ಮೂರು ವಾರವೂ ತುಂಬದ ಆ ಯುದ್ಧದಲ್ಲಿ ಇಸ್ರೇಲ್ ಸುಮಾರು ನೂರು ವಿಮಾನ ಕಳೆದುಕೊಂಡಿತು. ಆರು ವರ್ಷದ ಹಿಂದೆ ಆಕಾಶವನ್ನೇ ಆಳಿದ ವಾಯುಪಡೆ ಅದು.

ಇಲ್ಲಿಗೇ ನಿಲ್ಲಿಸಿದರೆ ಇದು ಒಂದು ಜಾಣ ಯಂತ್ರದ ಕಥೆ ಆಗುತ್ತಿತ್ತು. ನನ್ನನ್ನು ಕಾಡಿದ್ದು ಅದರ ಮುಂದಿನ ವಾರ.

ಸಿರಿಯಾ ಸೋಲುತ್ತಿತ್ತು. ಅದರ ಮೇಲಿನ ಒತ್ತಡ ಇಳಿಸಬೇಕು, ಸಿನಾಯ್ ಒಳಗೆ ಕಣಿವೆಗಳವರೆಗೆ ನುಗ್ಗಿ ಅಂತ ಅಧ್ಯಕ್ಷ ಸಾದತ್ ಅವರ ಆದೇಶ ಬಂತು. ಸೇನಾ ಮುಖ್ಯಸ್ಥರಾಗಿದ್ದ ಸಾದ್ ಅಲ್-ಶಾಜ್ಲಿ ಬೇಡ ಅಂದರು. ಅವರ ಲೆಕ್ಕ ಸರಳ. ಕಾಲುವೆಯ ದಂಡೆಯಲ್ಲಿ ನೆಟ್ಟ ಕ್ಷಿಪಣಿಗಳ ನೆರಳು ಕೆಲವೇ ಕಿಲೋಮೀಟರ್ ಬೀಳುತ್ತದೆ, ಅದರಾಚೆ ಟ್ಯಾಂಕು ಕಳಿಸಿದರೆ ಮತ್ತೆ 1967. ಅವರ ಮಾತು ನಡೆಯಲಿಲ್ಲ. ಅಕ್ಟೋಬರ್ 14ರಂದು ಸೈನ್ಯ ಮುಂದೆ ಹೋಯಿತು. ಆ ಒಂದೇ ದಿನದಲ್ಲಿ ಈಜಿಪ್ಟ್ ಸುಮಾರು 250 ಟ್ಯಾಂಕು ಕಳೆದುಕೊಂಡಿತು. ಹೆಚ್ಚಿನವನ್ನು ಹೊಡೆದದ್ದು ಇಸ್ರೇಲಿನ ಟ್ಯಾಂಕುಗಳು ಮತ್ತು ಟ್ಯಾಂಕು ನಾಶಕ ಕ್ಷಿಪಣಿಗಳೇ, ನಿಜ. ಆದರೆ ಮೇಲಿನಿಂದ ವಿಮಾನಗಳಿಗೂ ಈಗ ಧೈರ್ಯ ಬಂದಿತ್ತು.

ಮುಂದಿನದ್ದು ಇನ್ನೂ ವಿಚಿತ್ರ. ಅಕ್ಟೋಬರ್ 15ರ ರಾತ್ರಿ ಅರಿಯಲ್ ಶರೋನ್ ಅವರ ಪಡೆ ಕಾಲುವೆಯನ್ನು ತಿರುಗಿ ದಾಟಿ ಪಶ್ಚಿಮ ದಂಡೆಗೆ ಕಾಲಿಟ್ಟಿತು. ಅಲ್ಲಿ ಇಸ್ರೇಲಿನ ಟ್ಯಾಂಕುಗಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಕ್ಷಿಪಣಿ ನೆಲೆಗಳನ್ನು ಹುಡುಕಿ ಹುಡುಕಿ ಒಡೆದದ್ದು. ವಿಮಾನಗಳಿಗೆ ಹರಿಯಲಾಗದ ಕೊಡೆಯನ್ನು ಟ್ಯಾಂಕುಗಳು ಕೆಳಗಿನಿಂದ ಹರಿದವು. ತೂತಾದ ಜಾಗದಿಂದ ಇಸ್ರೇಲಿನ ವಾಯುಪಡೆ ಒಳಗೆ ಬಂತು.

ನನಗೆ ಕಂಡದ್ದು ಇಷ್ಟು. ಕೊಡೆ ಚೆನ್ನಾಗಿದ್ದರೆ ಸಾಲದು, ಅದು ಹಿಡಿದವನ ಜೊತೆ ನಡೆಯಬೇಕು. ನಿಂತ ಕೊಡೆಯ ಕೆಳಗಿದ್ದವನು ಎರಡು ಹೆಜ್ಜೆ ಆಚೆ ಇಟ್ಟರೆ ನೆನೆದ ಹಾಗೇ. ಗುರಿ ಹತ್ತಿರದ್ದೇ ಆದರೂ ಟ್ಯಾಂಕಿನ ಪಕ್ಕದಲ್ಲೇ ಓಡುವ ಶಿಲ್ಕಾದಂಥ ಗಾಡಿಗೆ ಬೆಲೆ ಇರುವುದು ಅದಕ್ಕೇ.

ಆದರೆ ಮಳೆ ಬಾರದ ವರ್ಷಗಳಲ್ಲಿ ಕೊಡೆ ಯಾರಿಗೆ ಬೇಕು? ಅಮೆರಿಕದವರು ಶಿಲ್ಕಾಗೆ ಉತ್ತರವಾಗಿ ಸಾರ್ಜೆಂಟ್ ಯಾರ್ಕ್ ಅನ್ನುವ ಗಾಡಿ ಕಟ್ಟಲು ಹೋಗಿ, ಕೋಟಿಗಟ್ಟಲೆ ಡಾಲರ್ ಸುರಿದು, ಸರಿಬಾರದೆ 1985ರಲ್ಲಿ ಕೈಬಿಟ್ಟರು. ಶೀತಲ ಸಮರ ಮುಗಿದ ಮೇಲಂತೂ ಆಕಾಶ ಹೇಗೂ ನಮ್ಮದೇ ಅಂತ ಇಂಥ ಪಡೆಗಳನ್ನೇ ಕರಗಿಸುತ್ತಾ ಬಂದರು. ಜರ್ಮನಿಯೂ ತನ್ನ ಗೆಪಾರ್ಡ್ ಗಾಡಿಗಳನ್ನು 2010ರ ನಂತರ ಸೇವೆಯಿಂದ ತೆಗೆದು ಮೂಲೆಗಿಟ್ಟಿತು. 2022ರಲ್ಲಿ ಅದೇ ಗೆಪಾರ್ಡ್‌ಗಳಿಗೆ ಧೂಳು ಕೊಡವಿ ಉಕ್ರೇನಿಗೆ ಕಳಿಸಬೇಕಾಯಿತು. ಅಲ್ಲಿ ಶಾಹೆದ್ ಡ್ರೋನ್‌ಗಳನ್ನು ಉರುಳಿಸುವುದರಲ್ಲಿ ಅವು ಹೆಸರು ಮಾಡಿದವು. ಅಗ್ಗದ ಡ್ರೋನ್ ಮೇಲೆ ಲಕ್ಷಾಂತರ ಡಾಲರಿನ ಕ್ಷಿಪಣಿ ಬಿಡುತ್ತಾ ಹೋದರೆ ಹೊಡೆದವನೇ ದಿವಾಳಿ. ಗನ್ನಿನ ಗುಂಡಿಗೆ ಆ ಚಿಂತೆ ಇಲ್ಲ.

ನಮ್ಮವರು ಹಳೆಯ ಕೊಡೆಯನ್ನು ಬಿಸಾಕಿರಲಿಲ್ಲ. ಭಾರತೀಯ ಸೇನೆಯ ಶಿಲ್ಕಾಗಳಿಗೆ ಹೊಸ ರೇಡಾರ್, ಹೊಸ ಎಂಜಿನ್, ಕಂಪ್ಯೂಟರ್ ಕೂಡಿಸಿ ಹೊಸ ಜೀವ ಕೊಟ್ಟದ್ದು ನಮ್ಮ ಬೆಂಗಳೂರಿನ ಬಿಇಎಲ್. ಎಲ್-70 ಗನ್ನುಗಳನ್ನು ಆಧುನಿಕಗೊಳಿಸಿದ್ದೂ ಅವರೇ. ಜಾಲಹಳ್ಳಿಯ ರಸ್ತೆಯಲ್ಲಿ ಬಿಇಎಲ್ ಬಸ್ಸುಗಳನ್ನು ನೋಡುತ್ತಾ ಓಡಾಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ... ನನಗಂತೂ ಗೊತ್ತಿರಲಿಲ್ಲ.

2025ರ ಮೇ ತಿಂಗಳು, ಆಪರೇಷನ್ ಸಿಂಧೂರದ ದಿನಗಳು. ಪಾಕಿಸ್ತಾನದ ಡ್ರೋನ್‌ಗಳು ಗಡಿ ದಾಟಿ ಹಿಂಡುಹಿಂಡಾಗಿ ಬರುತ್ತಿದ್ದವು. ಅವನ್ನು ಉರುಳಿಸಿದವುಗಳಲ್ಲಿ ಎಲ್-70 ಮತ್ತು ಶಿಲ್ಕಾ ಹೆಸರು ಸುದ್ದಿಯಲ್ಲಿ ಬಂತು. ನಾನು ಕೂಡಲೇ ಊರಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ಟೀವಿ ನೋಡಿದ್ರಾ? ನಿಮ್ಮ ಗನ್ನಂತೆ!"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದರು: "ಹುಡುಗರೆಲ್ಲ ಕ್ಷೇಮವಾಗಿದ್ದಾರಂತೇನೋ?"

ಗನ್ನಿನ ಬಗ್ಗೆ ಒಂದು ಮಾತಿಲ್ಲ. ಆ ಕೊಡೆ ಹಿಡಿಯುತ್ತಿದ್ದದ್ದು ಯಾರಿಗಾಗಿ ಅಂತ ಅವರಿಗೆ ಹದಿನೆಂಟು ವರ್ಷವೂ ಗೊತ್ತಿತ್ತು. ನಗುತ್ತಿದ್ದ ನಮಗೇ ಗೊತ್ತಿರಲಿಲ್ಲ.