ತೆಳುವಾಗುವ ನೆತ್ತಿಯ ಅಳತೆ: ಪುರುಷರ ಕೂದಲು ನಷ್ಟವನ್ನು ಗುರುತಿಸಿದ ಬಗೆಯ ಚಾರಿತ್ರಿಕ ಅಧ್ಯಯನ

ಪೀಠಿಕೆ

ಬೋಳಾದ ತಲೆಯನ್ನು ಗುರುತಿಸಲು ವೈದ್ಯರೇ ಬೇಕಾಗಿಲ್ಲ. ಬೋಳಾಗುತ್ತಿರುವ ತಲೆಯನ್ನು ಗುರುತಿಸುವುದು ಮಾತ್ರ ವೈದ್ಯಶಾಸ್ತ್ರಕ್ಕೂ ಬಹುಕಾಲ ಒಲಿಯದ ವಿದ್ಯೆಯಾಗಿತ್ತು. ನೆತ್ತಿಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾಗುವ ತನಕ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲವೆಂದು ಚರ್ಮವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ಕನ್ನಡಿಯ ಮುಂದೆ ನಿಂತವನಿಗೆ ಸಂಶಯ ಹುಟ್ಟುವ ಹೊತ್ತಿಗೆ ಬದಲಾವಣೆ ಬಹುದೂರ ಸಾಗಿರುತ್ತದೆ.

ಪುರುಷರ ಕೂದಲು ನಷ್ಟದ ಚರಿತ್ರೆಯನ್ನು ಸಾಮಾನ್ಯವಾಗಿ ಔಷಧಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿರುವ ಸಿಂಹ, ಮೊಸಳೆ, ನೀರಾನೆಗಳ ಕೊಬ್ಬಿನ ಲೇಪದಿಂದ ಆರಂಭಿಸಿ ಇಂದಿನ ಮಾತ್ರೆಗಳವರೆಗೆ ಆ ಪಟ್ಟಿ ಬೆಳೆಯುತ್ತದೆ. ಈ ಲೇಖನ ಹಿಡಿಯುವ ದಾರಿ ಬೇರೆ. ಕೂದಲು ತೆಳುವಾಗುವುದನ್ನು ಮನುಷ್ಯರು ಹೇಗೆ ಕಂಡರು, ಹೇಗೆ ವಿಂಗಡಿಸಿದರು, ಹೇಗೆ ಅಳೆದರು ಎಂಬುದು ಇಲ್ಲಿನ ಪ್ರಶ್ನೆ. ಸರಿಯಾದ ಅಳತೆ ದೊರೆಯುವವರೆಗೆ ಯಾವ ಔಷಧದ ಸತ್ಯಾಸತ್ಯತೆಯೂ ತೀರ್ಮಾನವಾಗಲಿಲ್ಲ ಎಂಬುದು ನನ್ನ ವಾದ.

ಪ್ರಾಚೀನರ ಅವಲೋಕನ

ಗ್ರೀಕರು ಕಾರಣವನ್ನು ಅರಿಯದೆಯೇ ಒಂದು ಮುಖ್ಯ ಸುಳಿವನ್ನು ಹಿಡಿದಿದ್ದರು. ನಪುಂಸಕರಿಗೆ ತಲೆ ಬೋಳಾಗುವುದಿಲ್ಲ ಎಂಬ ಮಾತು ಹಿಪೊಕ್ರಟಿಸ್‌ನ ಹೆಸರಿನಲ್ಲಿರುವ ಸೂತ್ರಗಳಲ್ಲಿದೆ. ಅರಿಸ್ಟಾಟಲ್ ಮಕ್ಕಳು ಮತ್ತು ಹೆಂಗಸರನ್ನೂ ಈ ಸಾಲಿಗೆ ಸೇರಿಸಿದ. ಬೋಳುತನಕ್ಕೂ ಪುರುಷನ ಪ್ರೌಢತೆಗೂ ನಂಟಿದೆ ಎಂಬ ಈ ಅವಲೋಕನ ಪ್ರಯೋಗದಿಂದ ಸಿದ್ಧವಾಗಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಭಾರತದ ವೈದ್ಯಗ್ರಂಥಗಳ ಕೊಡುಗೆ ಬೇರೆ ಬಗೆಯದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ನಡುವೆ ಕೂದಲು ನಷ್ಟದ ವಿವರಣೆಯಿದೆ. ವಾತದೊಡನೆ ಕೂಡಿದ ಪಿತ್ತ ರೋಮಕೂಪವನ್ನು ಸೇರಿ ಕೂದಲನ್ನು ಉದುರಿಸುತ್ತದೆ, ಬಳಿಕ ರಕ್ತ ಮತ್ತು ಕಫ ಆ ಕೂಪವನ್ನು ಮುಚ್ಚಿ ಹೊಸ ಕೂದಲು ಹುಟ್ಟದಂತೆ ತಡೆಯುತ್ತವೆ ಎನ್ನುತ್ತದೆ ಆ ಗ್ರಂಥ. ಉದುರುವುದು ಮತ್ತು ಮತ್ತೆ ಬೆಳೆಯದಿರುವುದು ಎರಡು ಪ್ರತ್ಯೇಕ ಘಟನೆಗಳು ಎಂಬ ಗ್ರಹಿಕೆ ಇದರಲ್ಲಿದೆ. ದೋಷಸಿದ್ಧಾಂತವನ್ನು ಒಪ್ಪದವರೂ ಗಮನಿಸಬೇಕಾದ ಅಂಶವಿದು.

ವಾಗ್ಭಟ ಇನ್ನೊಂದು ಹೆಜ್ಜೆ ಮುಂದಿಟ್ಟ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಅವನು ಇಂದ್ರಲುಪ್ತವನ್ನೂ ಖಲತಿಯನ್ನೂ ಬೇರ್ಪಡಿಸುತ್ತಾನೆ. ಎರಡರ ಹುಟ್ಟೂ ಒಂದೇ ರೀತಿಯದಾದರೂ ಖಲತಿಯಲ್ಲಿ ಕೂದಲು ಕ್ರಮಕ್ರಮವಾಗಿ ಉದುರುತ್ತದೆ ಎಂಬುದು ಅವನು ಕೊಡುವ ಭೇದಲಕ್ಷಣ. ಗುಂಡಗೆ ತೇಪೆಯಂತೆ ಥಟ್ಟನೆ ಕೂದಲು ಹೋಗುವುದನ್ನೂ ವರ್ಷಗಟ್ಟಲೆ ನಿಧಾನವಾಗಿ ತೆಳುವಾಗುವುದನ್ನೂ ಇಂದಿನ ಚರ್ಮವೈದ್ಯರು ಬೇರ್ಪಡಿಸುವಾಗಲೂ ಮೊದಲು ಕೇಳುವುದು ಕಾಲದ ಪ್ರಶ್ನೆಯನ್ನೇ. ಚರಕ ಸಂಹಿತೆಯು ಪಿತ್ತಪ್ರಕೃತಿಯವರಲ್ಲಿ ನೆರೆ, ಸುಕ್ಕು, ಬೋಳುತನ ಬೇಗ ಬರುತ್ತವೆ ಎಂದಿದೆ. ಕೆಲವರ ಮೈಗುಣದಲ್ಲೇ ಈ ಒಲವು ಇರುತ್ತದೆ ಎಂಬ ಅರಿವು ಅದರಲ್ಲಿ ಕಾಣುತ್ತದೆ. ಆದರೆ ಎಷ್ಟು ಉದುರಿತು, ಎಲ್ಲಿಂದ ಎಲ್ಲಿಗೆ ಹಬ್ಬಿತು ಎಂದು ದಾಖಲಿಸುವ ಕ್ರಮ ಗ್ರೀಸಿನಲ್ಲೂ ಬೆಳೆಯಲಿಲ್ಲ, ಇಲ್ಲಿಯೂ ಬೆಳೆಯಲಿಲ್ಲ.

ಟೋಪಿ, ಸೂಕ್ಷ್ಮಜೀವಿ, ವಂಶ

19ನೆಯ ಶತಮಾನದ ಕೊನೆಯಲ್ಲಿ ಸೂಕ್ಷ್ಮಜೀವಿ ಸಿದ್ಧಾಂತ ಬಲಗೊಂಡಾಗ ಬೋಳುತನಕ್ಕೂ ಜೀವಿಯೊಂದನ್ನು ಹುಡುಕಲಾಯಿತು. ಪ್ಯಾರಿಸ್ಸಿನ ಹೆಸರಾಂತ ಚರ್ಮವೈದ್ಯ ರೇಮೊಂ ಸಬೂರೋ, ಎಣ್ಣೆಗಟ್ಟಿದ ನೆತ್ತಿಯಲ್ಲಿ ಸಿಗುವ ಬ್ಯಾಕ್ಟೀರಿಯಾವೇ ಕಾರಣವೆಂದು ನಂಬಿದ್ದರು. ಬಿಗಿಯಾದ ಟೋಪಿ ರಕ್ತಸಂಚಾರವನ್ನು ತಡೆಯುತ್ತದೆಂಬ ವಾದಕ್ಕೂ ಆ ಕಾಲದಲ್ಲಿ ವೈದ್ಯರ ಬೆಂಬಲವಿತ್ತು. ನಮ್ಮ ನಗರಗಳಲ್ಲಿ ಈಗ ಹೆಲ್ಮೆಟ್ಟನ್ನೂ ಬೋರ್‌ವೆಲ್ ನೀರನ್ನೂ ದೂರುವವರು ತಿಳಿಯದೆಯೇ ಆ ಹಳೆಯ ವಾದದ ವಾರಸುದಾರರಾಗಿದ್ದಾರೆ.

1916ರಲ್ಲಿ ಡೊರೊತಿ ಆಸ್ಬರ್ನ್ ಎಂಬ ಸಂಶೋಧಕಿ ‘ಜರ್ನಲ್ ಆಫ್ ಹೆರಿಡಿಟಿ’ಯಲ್ಲಿ ಬೋಳುತನದ ಆನುವಂಶಿಕತೆಯನ್ನು ಚರ್ಚಿಸಿದರು. ಒಂದೇ ಜೀನು ಗಂಡಸರಲ್ಲಿ ಪ್ರಬಲವಾಗಿಯೂ ಹೆಂಗಸರಲ್ಲಿ ದುರ್ಬಲವಾಗಿಯೂ ವರ್ತಿಸುತ್ತದೆ ಎಂಬ ಅವರ ನಿರ್ಣಯವನ್ನು ಮುಂದಿನ ಸಂಶೋಧನೆ ಒಪ್ಪಲಿಲ್ಲ. ಇಂದು ಈ ಲಕ್ಷಣದ ಹಿಂದೆ ಹಲವು ಜೀನುಗಳಿವೆ ಎಂದು ತಿಳಿದಿದೆ. ಅದೇನೇ ಇರಲಿ, ಚರ್ಚೆಯನ್ನು ನೆತ್ತಿಯ ಹೊರಗಿನ ಕಾರಣಗಳಿಂದ ವಂಶದ ಕಡೆಗೆ ತಿರುಗಿಸಿದ ಬರಹಗಳಲ್ಲಿ ಅದು ಮುಖ್ಯವಾದುದು.

ಹ್ಯಾಮಿಲ್ಟನ್: ಕಾರಣವೂ ನಕ್ಷೆಯೂ

ನಿರ್ಣಾಯಕ ತಿರುವು ತಂದವರು ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಬಿ. ಹ್ಯಾಮಿಲ್ಟನ್. 1942ರಲ್ಲಿ ಅವರು ಪ್ರಕಟಿಸಿದ ಲೇಖನ, ಪ್ರೌಢಾವಸ್ಥೆಗೆ ಮುನ್ನವೇ ವೃಷಣಗಳನ್ನು ಕಳೆದುಕೊಂಡ ಅಥವಾ ಲೈಂಗಿಕವಾಗಿ ಬಲಿಯದ ಪುರುಷರನ್ನು ಕುರಿತದ್ದು. ಅಂಥವರ ತಲೆ ಬೋಳಾಗಿರಲಿಲ್ಲ. ಅವರಿಗೆ ಪುರುಷ ಹಾರ್ಮೋನನ್ನು ಕೊಟ್ಟಾಗ, ಮನೆತನದಲ್ಲಿ ಬೋಳುತನವಿದ್ದವರ ಕೂದಲು ತೆಳುವಾಗತೊಡಗಿತು, ಇಲ್ಲದವರಲ್ಲಿ ಹಾಗಾಗಲಿಲ್ಲ. ಹಾರ್ಮೋನು ನಿಲ್ಲಿಸಿದಾಗ ನಷ್ಟವೂ ಮುಂದುವರಿಯಲಿಲ್ಲ. ಹಾರ್ಮೋನು, ವಂಶ, ವಯಸ್ಸು ಈ ಮೂರೂ ಕೂಡಿದಾಗ ಬೋಳುತನ ಬರುತ್ತದೆಂದು ಇದರಿಂದ ಸ್ಪಷ್ಟವಾಯಿತು. ಗ್ರೀಕರ ಸುಳಿವಿಗೆ ಕೊನೆಗೂ ಪ್ರಮಾಣ ಸಿಕ್ಕಿತು.

ಅಳತೆಯ ಚರಿತ್ರೆಗೆ ಅವರ 1951ರ ಲೇಖನ ಇನ್ನೂ ಮುಖ್ಯ. ನೂರಾರು ಗಂಡಸರ, ಹೆಂಗಸರ ತಲೆಗಳನ್ನು ಪರಿಶೀಲಿಸಿ, ಕೂದಲು ಹಿಂದೆ ಸರಿಯುವ ಕ್ರಮವನ್ನು ಎಂಟು ಮಾದರಿಗಳಾಗಿ ವಿಂಗಡಿಸಿದರು. ಅವರು ಕಂಡ ಒಂದು ಸಂಗತಿ ಇಂದಿಗೂ ಯುವಕರಿಗೆ ಸಮಾಧಾನ ತರಬಲ್ಲದು: ಬಾಲ್ಯದ ನೇರವಾದ ಕೂದಲಂಚು ಪ್ರೌಢಾವಸ್ಥೆಯ ಬಳಿಕ ಹಣೆಯ ಎರಡು ಮೂಲೆಗಳಲ್ಲಿ ಸ್ವಲ್ಪ ಹಿಂದೆ ಸರಿಯುವುದು ಬಹುತೇಕ ಎಲ್ಲ ಗಂಡಸರಲ್ಲೂ ನಡೆಯುತ್ತದೆ. ಇದು ಬಲಿತ ಮುಖದ ಸಹಜ ರೂಪ. ಇಷ್ಟನ್ನೇ ಬೋಳುತನವೆಂದು ಭಾವಿಸಿ ಕಂಗೆಡಬೇಕಾಗಿಲ್ಲ.

1975ರಲ್ಲಿ ಒ’ಟಾರ್ ನಾರ್ವುಡ್ 1000 ಪುರುಷರನ್ನು ಪರೀಕ್ಷಿಸಿ ಈ ವಿಂಗಡಣೆಯನ್ನು ಪರಿಷ್ಕರಿಸಿದರು. ಏಳು ಹಂತಗಳ ಹ್ಯಾಮಿಲ್ಟನ್–ನಾರ್ವುಡ್ ಮಾಪಕ ರೂಪುಗೊಂಡದ್ದು ಹೀಗೆ. ಇದರಲ್ಲಿ ಮೂರನೆಯ ಹಂತದಿಂದ ಮೇಲಿನದನ್ನು ಮಾತ್ರ ಬೋಳುತನವೆಂದು ಎಣಿಸಲಾಗುತ್ತದೆ. ಏಳನೆಯ ಹಂತದಲ್ಲಿ ಕಿವಿಗಳ ಮೇಲೂ ಹಿಂದಲೆಯಲ್ಲೂ ಕುದುರೆ ಲಾಳದಾಕಾರದ ಪಟ್ಟಿಯಷ್ಟೇ ಉಳಿಯುತ್ತದೆ. ನಡುನೆತ್ತಿಯ ಸುಳಿಯಲ್ಲಿ ಮೊದಲು ತೆಳುವಾಗುವವರಿಗೂ ಮುಂಭಾಗದಿಂದ ಒಂದೇ ಸಮನೆ ಹಿಂದೆ ಸರಿಯುವವರಿಗೂ ಅವರು ಉಪವಿಭಾಗಗಳನ್ನು ಕೊಟ್ಟರು.

ಉದುರುವುದು ಬೇರೆ, ಕಿರಿದಾಗುವುದು ಬೇರೆ

ಮಾಪಕವು ತಲೆಯ ಹೊರ ಆಕಾರವನ್ನು ಹೇಳುತ್ತದೆ. ಒಂದೊಂದು ಕೂದಲಿಗೂ ಏನಾಗುತ್ತದೆಂಬುದನ್ನು ತಿಳಿಸಿದ್ದು ಕೂದಲ ಚಕ್ರದ ಅಧ್ಯಯನ. ಆಲ್ಬರ್ಟ್ ಕ್ಲಿಗ್‌ಮನ್ 1959ರಲ್ಲಿ ಈ ಚಕ್ರವನ್ನು ವಿವರವಾಗಿ ನಿರೂಪಿಸಿದರು. ಪ್ರತಿ ಕೂದಲು ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳ ಪರಿವರ್ತನೆಯ ನಂತರ ಸುಮಾರು ಮೂರು ತಿಂಗಳು ವಿರಮಿಸಿ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುವುದು ಸಹಜ. 1961ರಲ್ಲಿ ಅವರು ಇನ್ನೊಂದು ಸ್ಥಿತಿಯನ್ನು ವರ್ಣಿಸಿದರು: ತೀವ್ರ ಜ್ವರ, ಹೆರಿಗೆ, ಶಸ್ತ್ರಕ್ರಿಯೆಗಳಂಥ ಆಘಾತವಾದ ಎರಡು ಮೂರು ತಿಂಗಳಿಗೆ ಕೂದಲುಗಳು ಒಟ್ಟಾಗಿ ವಿರಾಮಸ್ಥಿತಿ ಮುಗಿಸಿ ರಾಶಿರಾಶಿಯಾಗಿ ಉದುರುತ್ತವೆ. ಟೈಫಾಯ್ಡ್, ಡೆಂಗಿ, ಕೋವಿಡ್ ಬಂದುಹೋದ ಬಳಿಕ ನಮ್ಮಲ್ಲಿ ಅನೇಕರು ಅನುಭವಿಸಿದ್ದು ಇದನ್ನೇ. ಇದು ನೋಡಲು ಭಯಂಕರ, ಆದರೆ ಬಹುಪಾಲು ತಾನಾಗಿ ಸರಿಹೋಗುತ್ತದೆ.

ಪುರುಷ ಮಾದರಿಯ ಬೋಳುತನ ಇದಕ್ಕಿಂತ ಮೌನವಾಗಿ ನಡೆಯುತ್ತದೆ. ವಂಶದಲ್ಲಿ ಒಲವಿರುವ ಕೂಪಗಳ ಮೇಲೆ ಡೈಹೈಡ್ರೊಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಕೆಲಸ ಮಾಡಿ ಚಕ್ರದಿಂದ ಚಕ್ರಕ್ಕೆ ಬೆಳವಣಿಗೆಯ ಅವಧಿಯನ್ನು ಮೊಟಕುಗೊಳಿಸುತ್ತದೆ. ದಪ್ಪ ಕೂದಲಿನ ಜಾಗದಲ್ಲಿ ಸಣ್ಣದು, ಅದರ ಜಾಗದಲ್ಲಿ ನವುರಾದ ರೋಮ ಬರುತ್ತದೆ. ಟೆಸ್ಟೊಸ್ಟೆರೋನನ್ನು ಈ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಪಾತ್ರ ಮನದಟ್ಟಾದದ್ದು 1974ರ ನಂತರ. ಆ ಕಿಣ್ವದ ಕೊರತೆಯೊಡನೆ ಹುಟ್ಟಿದ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳನ್ನು ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಆ ಗಂಡಸರ ಕೂದಲಂಚು ಹಿಂದೆ ಸರಿದಿರಲಿಲ್ಲ.

ಈ ತಿಳಿವಳಿಕೆಯ ಪರಿಣಾಮ ದೊಡ್ಡದು. ಬಚ್ಚಲಲ್ಲಿ ಉದುರಿದ ಕೂದಲಿನ ರಾಶಿ ಬೋಳುತನದ ನಂಬಲರ್ಹ ಅಳತೆಯಲ್ಲ. ಹೆಚ್ಚು ಉದುರಿಯೂ ತಲೆ ದಟ್ಟವಾಗಿ ಉಳಿಯಬಹುದು, ಉದುರುವುದು ಕಣ್ಣಿಗೆ ಬೀಳದೆಯೇ ನೆತ್ತಿ ತೆಳುವಾಗಬಹುದು.

ಎಣಿಕೆಯ ಯುಗ

1957ರಲ್ಲಿ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ಸಹೋದ್ಯೋಗಿಗಳು ಕಿತ್ತ ಕೂದಲುಗಳ ಬುಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೆಳೆಯುತ್ತಿರುವವೆಷ್ಟು, ವಿರಾಮದಲ್ಲಿರುವವೆಷ್ಟು ಎಂದು ಎಣಿಸುವ ದಾರಿ ತೆರೆದರು. ಇದು ನೋವಿನ ವಿಧಾನ. 1970ರಲ್ಲಿ ಜಪಾನಿನ ಸೈಟೊ ಮತ್ತು ಸಂಗಡಿಗರು ಕೂದಲನ್ನು ಕೀಳದೆ, ನೆತ್ತಿಯ ಒಂದೇ ಪುಟ್ಟ ಜಾಗವನ್ನು ಕಾಲಾಂತರದಲ್ಲಿ ಮತ್ತೆ ಮತ್ತೆ ಛಾಯಾಚಿತ್ರ ತೆಗೆದು ಹೋಲಿಸಿದರು. ಒಂದೇ ಜಾಗ, ಬೇರೆ ಬೇರೆ ಕಾಲ: ಮುಂದಿನ ಎಲ್ಲ ವಿಶ್ವಾಸಾರ್ಹ ಅಳತೆಗೂ ಈ ತತ್ತ್ವವೇ ಅಡಿಪಾಯ.

ಇದರ ಫಲ ಔಷಧ ಪರೀಕ್ಷೆಗಳಲ್ಲಿ ಕಂಡಿತು. 1998ರಲ್ಲಿ ಪ್ರಕಟವಾದ, ಫಿನಾಸ್ಟರೈಡ್ ಎಂಬ ಔಷಧದ ಪ್ರಯೋಗದಲ್ಲಿ 1553 ಪುರುಷರಿದ್ದರು. ಸುಳಿಯ ಬಳಿ ಒಂದು ಅಂಗುಲ ವ್ಯಾಸದ ವೃತ್ತದೊಳಗಿನ ಕೂದಲನ್ನು ದೊಡ್ಡದಾಗಿಸಿದ ಚಿತ್ರದಲ್ಲಿ ಎಣಿಸಲಾಯಿತು. ಆರಂಭದಲ್ಲಿ ಅಲ್ಲಿ ಸರಾಸರಿ 876 ಕೂದಲುಗಳಿದ್ದವು. ಎರಡು ವರ್ಷದ ಕೊನೆಗೆ ಔಷಧ ಪಡೆದವರಿಗೂ ಹುಸಿಗುಳಿಗೆ ಪಡೆದವರಿಗೂ ನಡುವೆ 138 ಕೂದಲುಗಳ ಅಂತರವಿತ್ತು. ಎಬರ್ಸ್ ಪಪೈರಸ್‌ನ ಲೇಪಗಳಿಗೆ ಇಂಥ ಪರೀಕ್ಷೆ ಎಂದೂ ಎದುರಾಗಿರಲಿಲ್ಲ.

ಕ್ಲಿನಿಕ್ಕಿನ ಸರಳ ಪರೀಕ್ಷೆಗಳೂ ಇದೇ ಅವಧಿಯಲ್ಲಿ ಹದಗೊಂಡವು. 50–60 ಕೂದಲುಗಳ ಎಳೆಯನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ಜಗ್ಗುವ ಪರೀಕ್ಷೆಯಲ್ಲಿ ಎರಡಕ್ಕಿಂತ ಹೆಚ್ಚು ಕೂದಲು ಬಂದರೆ ಗಮನಿಸಬೇಕೆಂದು 2017ರ ಅಧ್ಯಯನವೊಂದು ಸೂಚಿಸಿತು. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪಿನಿಂದ ನೋಡಿದಾಗ ಪಕ್ಕಪಕ್ಕದ ಕೂದಲುಗಳ ದಪ್ಪದಲ್ಲಿ ಶೇ. 20ಕ್ಕಿಂತ ಹೆಚ್ಚು ಕಡೆ ವ್ಯತ್ಯಾಸವಿದ್ದರೆ ಕೂಪಗಳು ಕಿರಿದಾಗುತ್ತಿರುವ ಲಕ್ಷಣ. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 14 ಪುರುಷರನ್ನು 18 ತಿಂಗಳು ಗಮನಿಸಿದ ರ‍್ಯಾಂಡಲ್ ಮತ್ತು ಎಬ್ಲಿಂಗ್, ಬೇಸಿಗೆಯ ಕೊನೆಯಲ್ಲಿ ಉದುರುವಿಕೆ ಏರುವುದನ್ನು 1991ರಲ್ಲಿ ವರದಿ ಮಾಡಿದರು.

ಏಷ್ಯಾದ ತಲೆಗಳು

ಹ್ಯಾಮಿಲ್ಟನ್ ಮತ್ತು ನಾರ್ವುಡ್ ಮುಖ್ಯವಾಗಿ ನೋಡಿದ್ದು ಬಿಳಿಯ ಅಮೆರಿಕನ್ನರನ್ನು. ಎಲ್ಲರ ನೆತ್ತಿಯೂ ಅದೇ ಕ್ರಮದಲ್ಲಿ ತೆಳುವಾಗುವುದಿಲ್ಲ. ಕೊರಿಯಾದ ವೈದ್ಯರು 2007ರಲ್ಲಿ ಮುಂದಲೆಯ ಅಂಚಿನ ಆಕಾರವನ್ನೂ ಮೇಲ್ಭಾಗದ ಸಾಂದ್ರತೆಯನ್ನೂ ಬೇರೆ ಬೇರೆಯಾಗಿ ದಾಖಲಿಸುವ ‘ಬಿಎಎಸ್‌ಪಿ’ ವಿಂಗಡಣೆಯನ್ನು ರೂಪಿಸಿದರು. ಅಂಚು ಸರಿಯದೆ ನಡುನೆತ್ತಿ ಮಾತ್ರ ತೆಳುವಾಗುವ ಪುರುಷರಿಗೆ ಇದು ಹೆಚ್ಚು ಹೊಂದುತ್ತದೆ. ಬೆಂಗಳೂರಿನ ಚರ್ಮವೈದ್ಯ ಡಾ. ಡಿ. ಎಸ್. ಕೃಪಾಶಂಕರ್ ಮತ್ತು ಸಹೋದ್ಯೋಗಿಗಳು 2009ರಲ್ಲಿ 1005 ಜನರ ಅಧ್ಯಯನವನ್ನು ಪ್ರಕಟಿಸಿದರು. 30ರಿಂದ 50ರ ವಯಸ್ಸಿನ ಪುರುಷರಲ್ಲಿ ಶೇ. 58 ಮಂದಿಗೆ ಈ ಬಗೆಯ ಕೂದಲು ನಷ್ಟವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿರುವ ಲಕ್ಷಣವನ್ನು ವ್ಯಕ್ತಿಯ ಕೊರತೆಯೆಂದು ಕಾಣುವ ಸಮಾಜದ ಕಣ್ಣು ಬದಲಾಗಬೇಕು. ವಧೂವರರ ಹುಡುಕಾಟದಲ್ಲಿ ಇದು ತರುವ ನೋವನ್ನು 2017ರ ಕನ್ನಡ ಚಿತ್ರ ‘ಒಂದು ಮೊಟ್ಟೆಯ ಕಥೆ’ ತನ್ನ ವಸ್ತುವನ್ನಾಗಿಸಿಕೊಂಡಿತು.

ಉಪಸಂಹಾರ

ಈ ಚರಿತ್ರೆಯಿಂದ ಸಾಮಾನ್ಯ ಓದುಗರಿಗೆ ದಕ್ಕುವ ವಿಧಾನ ಸ್ಪಷ್ಟವಾಗಿದೆ. ದಿನವೂ ಕನ್ನಡಿ ನೋಡುವುದರಿಂದ ಆತಂಕ ಬೆಳೆಯುತ್ತದೆಯೇ ಹೊರತು ತಿಳಿವು ಬೆಳೆಯುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಮೂರು ಅಥವಾ ಆರು ತಿಂಗಳಿಗೊಮ್ಮೆ ಹೋಲಿಸುವುದು ಸೂಕ್ತ. ಅದೇ ಬೆಳಕು, ಅದೇ ಕೋನ, ಅದೇ ಉದ್ದದ ಒಣಗಿದ ಕೂದಲು, ಅದೇ ಬೈತಲೆ ಇರಲಿ. ಮುಂದಲೆ, ಎರಡು ಮೂಲೆ, ನಡುನೆತ್ತಿ, ಸುಳಿ, ಹಿಂದಲೆಗಳ ಚಿತ್ರವನ್ನು ದಿನಾಂಕದೊಡನೆ ಇಟ್ಟುಕೊಳ್ಳಬೇಕು. ಹಿಂದಲೆಯ ಕೂದಲು ಸಾಮಾನ್ಯವಾಗಿ ಹಾರ್ಮೋನಿಗೆ ಬಗ್ಗದ ಕಾರಣ ಅದು ಹೋಲಿಕೆಯ ಮಾನದಂಡವಾಗುತ್ತದೆ. ಥಟ್ಟನೆ ತೇಪೆಯಂತೆ ಬಿದ್ದರೆ, ನೆತ್ತಿ ಕೆಂಪಾಗಿ ಉರಿದರೆ, ಹುಬ್ಬಿನ ಕೂದಲೂ ಹೋದರೆ ಚಿತ್ರ ತೆಗೆಯುತ್ತ ಕಾಯದೆ ಚರ್ಮವೈದ್ಯರನ್ನು ಕಾಣಬೇಕು.

ಹೊಸ ಎಣ್ಣೆ, ಹೊಸ ಶಾಂಪೂ, ಹೊಸ ಚುಚ್ಚುಮದ್ದುಗಳ ಜಾಹೀರಾತುಗಳು ಮುಖ್ಯವಾಗಿ ಭಯವನ್ನು ನಂಬಿಕೊಂಡಿವೆ. ಸಹಜವಾದ ಹಣೆಯ ಮೂಲೆಗೂ ರೋಗಕ್ಕೂ, ಜ್ವರದ ನಂತರದ ಉದುರುವಿಕೆಗೂ ವಂಶದ ಬೋಳುತನಕ್ಕೂ ವ್ಯತ್ಯಾಸ ತಿಳಿದ ಯುವಕ ಈ ಮಾರುಕಟ್ಟೆಗೆ ಸುಲಭವಾಗಿ ಬಲಿಯಾಗುವುದಿಲ್ಲ. ಆದ್ದರಿಂದ ಈ ಅಳತೆಯ ವಿದ್ಯೆ ಪ್ರಯೋಗಾಲಯದಿಂದ ಕ್ಷೌರದಂಗಡಿಗೂ ಕಾಲೇಜಿನ ಆರೋಗ್ಯ ಪಾಠಕ್ಕೂ ಬರಬೇಕು. ಭಾರತೀಯ ನೆತ್ತಿಗಳನ್ನು ಒಂದೇ ಸಲ ಎಣಿಸಿ ಬಿಡದೆ, ವರ್ಷಾನುಗಟ್ಟಲೆ ಅದೇ ವ್ಯಕ್ತಿಗಳನ್ನು ಹಿಂಬಾಲಿಸುವ ಅಧ್ಯಯನಗಳು ನಮ್ಮ ವೈದ್ಯ ಕಾಲೇಜುಗಳಿಂದ ಹೆಚ್ಚಾಗಿ ಮೂಡಿಬರಬೇಕು. ಖಲತಿಯ ಗುರುತು ಅದರ ಕ್ರಮದಲ್ಲಿದೆ ಎಂದು ವಾಗ್ಭಟ ಹೇಳಿದ ಮೇಲೆ, ಆ ಕ್ರಮವನ್ನು ದಾಖಲಿಸುವ ಹೊಣೆ ನಮ್ಮದೇ.